ಹುಡುಗರನ್ನು ಮಲಗಗೊಡಿರಿ

ಯಲವಿಗಿಯ ಸ್ಟೇಶನ್ನಿನ ಸಮೀಪ ಬೆಳೆದವರಿಗೆ ನಿದ್ದೆಯ ವಿಷಯದಲ್ಲಿ ಒಂದು ಸೊಕ್ಕಿದೆ. ರೈಲುಗಾಡಿಯ ಸಪ್ಪಳಕ್ಕೆ ನಮಗೆ ಎಚ್ಚರವಾಗುವುದಿಲ್ಲ. ಬೀಗರು ಬಂದು ಒಂದು ರಾತ್ರಿ ಉಳಿದರೆ ಬೆಳತನಕ ಹೊರಳಾಡಿ, "ಅದ್ಹೆಂಗ ಮಲಗತೀರಿ ಮಾರಾಯ್ರ" ಎನ್ನುತ್ತಾರೆ. ಹೀಗೆ ಗಾಡಿಯ ಸಪ್ಪಳಕ್ಕೂ ಏಳದ ಹುಡುಗರನ್ನು ಬಾಗಿಲು ಬಡಿದು ಎಬ್ಬಿಸಿದವರು ಮಾಸ್ತರರು. ಅವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ತಕರಾರನ್ನು ಮೊದಲು ನನ್ನ ಮೇಲೆಯೇ ಹೂಡುತ್ತಿದ್ದೇನೆ.

ಡಿಸೆಂಬರ್ ಬಂತೆಂದರೆ ಹತ್ತನೆಯ ತರಗತಿಯ ಹುಡುಗರ ಮನೆಗಳನ್ನು ನಾವು ಓಣಿ ಓಣಿಯಾಗಿ ಹಂಚಿಕೊಳ್ಳುತ್ತಿದ್ದೆವು. ಮುಂಜಾನೆ ನಾಲ್ಕೂವರೆಗೆ ಗಾಡಿ ಚಾಲೂ ಮಾಡಿಕೊಂಡು ಹೋಗುವುದು, ಯಾರ ಮನೆಯಲ್ಲಿ ದೀಪ ಹತ್ತಿದೆ ನೋಡುವುದು, ಹತ್ತಿರದಿದ್ದರೆ ಬಾಗಿಲು ಬಡಿಯುವುದು. ತಾಯಂದಿರು ಕಣ್ಣು ತಿಕ್ಕಿಕೊಳ್ಳುತ್ತ ಬಂದು, ಕೈಮುಗಿದು, ಚಹಾಕ್ಕೆ ಕೂಡ್ರಿಸುತ್ತಿದ್ದರು. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಯೊಳಗೆ ಕೂಡ್ರುತ್ತದೆ ಎಂದು ನಾನು ಹೇಳುತ್ತಿದ್ದೆ, ಅವರು ನಂಬುತ್ತಿದ್ದರು. ಹುಡುಗ ರಾತ್ರಿ ಎಷ್ಟಕ್ಕೆ ಮಲಗಿದ ಎಂದು ಮಾತ್ರ ನಾನು ಒಂದು ಮನೆಯಲ್ಲಿಯೂ ಕೇಳಲಿಲ್ಲ.

ಆ ವರ್ಷ ಒಬ್ಬ ಹುಡುಗನಿದ್ದ. ಗಣಿತದಲ್ಲಿ ಜಾಣ. ಹೊಲದಲ್ಲಿ ಬೋರು ಇತ್ತು, ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು, ಪಾಳಿ ಬಹಳ ಸಲ ರಾತ್ರಿಯದೇ ಆಗಿರುತ್ತಿತ್ತು. ತಂದೆಗೆ ಮೊಣಕಾಲು ನೋವು. ಹುಡುಗ ಬ್ಯಾಟರಿ ಹಿಡಿದುಕೊಂಡು ಹೋಗಿ ಗೋವಿನಜೋಳಕ್ಕೆ ನೀರು ತಿರುವಿ, ಒಂದು ಗಂಟೆಗೋ ಎರಡು ಗಂಟೆಗೋ ಮನೆಗೆ ಬಂದು ಮಲಗುತ್ತಿದ್ದ. ನಾಲ್ಕೂವರೆಗೆ ನಾನು ಬಾಗಿಲಲ್ಲಿ. ಮಧ್ಯಾಹ್ನ ತರಗತಿಯಲ್ಲಿ ತೂಕಡಿಸಿದನೆಂದು ಬೆಂಚಿನ ಮೇಲೆ ನಿಲ್ಲಿಸಿದವನೂ ನಾನೇ. ನಿಂತಲ್ಲಿಯೇ ಅವನ ಕಣ್ಣು ಮುಚ್ಚಿಹೋದವು, ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ.

ಜನವರಿಯ ಹೊತ್ತಿಗೆ ಅವನ ಮಾತು ನಿಂತಿತು. ಊಟ ಬಿಟ್ಟ. ಆಮೇಲೆ ತಂದೆಯೇ ನೀರು ಹಾಯಿಸಲು ಹೋಗತೊಡಗಿದರೂ ಇವನಿಗೆ ನಿದ್ದೆಯೇ ಬಾರದಾಯಿತು. ಜಂತಿ ನೋಡುತ್ತ ಬಿದ್ದಿರುತ್ತಿದ್ದ. ಬದುಕಿ ಏನು ಮಾಡುವುದು ಎಂದು ಒಂದು ದಿನ ತಂಗಿಯ ಮುಂದೆ ಅಂದನಂತೆ. ತಾಯಿ ಗಾಳಿ ಸೋಕಿದೆಯೆಂದು ದಾರ ಕಟ್ಟಿಸಿದಳು. ದವಾಖಾನೆಗೆ ತೋರಿಸಿರಿ ಎಂದು ನಾನು ಅಂದದ್ದಕ್ಕೆ ತಂದೆ ಸಿಟ್ಟಾದರು: "ಸರ, ನನ್ನ ಮಗನ್ನ ಧಾರವಾಡಕ್ಕ ಕಳಸಂತೀರೇನು?"

ನಮ್ಮ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡದಲ್ಲಿ 1845ರಿಂದ ಮನೋರೋಗಿಗಳ ಆಸ್ಪತ್ರೆಯಿದೆ. ಈಗ ಅದು ಡಿಮ್ಹಾನ್ಸ್ ಎಂಬ ಸಂಸ್ಥೆ. ವಿದ್ಯೆಗೆಂದು ಮಕ್ಕಳನ್ನು ಧಾರವಾಡಕ್ಕೆ ಕಳಿಸುವುದು ಹೆಮ್ಮೆ, ಮನಸ್ಸಿನ ಬೇನೆಗೆಂದು ಅದೇ ಧಾರವಾಡಕ್ಕೆ ಕಳಿಸುವುದು ಬೈಗುಳ. ಎರಡು ತಿಂಗಳು ಹೀಗೆ ಕಳೆದ ಮೇಲೆ ಅವರ ಸೋದರಮಾವ ಗಟ್ಟಿ ಮನಸ್ಸು ಮಾಡಿ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಕೇಳಿದ ಮೊದಲನೆಯ ಪ್ರಶ್ನೆ, "ಎಷ್ಟು ಗಂಟೆಗೆ ಮಲಗತಾನ, ಎಷ್ಟಕ್ಕ ಏಳತಾನ?" ನಾನು ನೆಲ ನೋಡಿದೆ. ಹುಡುಗ ಬದುಕಿದ. ಮರುವರ್ಷ ಪರೀಕ್ಷೆಗೆ ಕುಳಿತು ಪಾಸಾದ, ಅಷ್ಟು ಸಾಕು.

ಆಮೇಲೆ ನಾನು ಓದಿ ತಿಳಿದದ್ದು ಇಷ್ಟು. ಹರೆಯ ಬರುವಾಗ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನು ರಾತ್ರಿ ತಡವಾಗಿ ಏರತೊಡಗುತ್ತದೆ. ಆದ್ದರಿಂದ ಹದಿನೈದರ ಹುಡುಗನಿಗೆ ಬೇಗ ನಿದ್ದೆ ಹತ್ತುವುದಿಲ್ಲ, ಬೇಗ ಎಚ್ಚರವೂ ಆಗುವುದಿಲ್ಲ. ಇದು ಮೈಗಳ್ಳತನವಲ್ಲ, ವಯಸ್ಸಿನ ಧರ್ಮ. ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕೆಂದು ಅಮೇರಿಕೆಯ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲಿಯೇ. ಕನಸಿನ ನಿದ್ದೆಯ ಬಹುಪಾಲು ಬರುವುದು ರಾತ್ರಿಯ ಕೊನೆಯ ಜಾವದಲ್ಲಿ. ಅಂದರೆ ಬೆಳಗಿನ ಓದಿನ ಹೆಸರಿನಲ್ಲಿ ನಾವು ಹಿಂದಿನ ದಿನದ ಓದನ್ನೇ ಹಾಳುಮಾಡುತ್ತಿದ್ದೆವು.

ಕ್ಯಾಲಿಫೋರ್ನಿಯಾದವರು 2019ರಲ್ಲಿ ಕಾಯ್ದೆ ಮಾಡಿ, 2022ರಿಂದ ಹೈಸ್ಕೂಲುಗಳು ಎಂಟೂವರೆಗಿಂತ ಮೊದಲು ಸುರುವಾಗದಂತೆ ಮಾಡಿದ್ದಾರೆ. ನಮ್ಮ ಹಳ್ಳಿಯ ಸಾಲೆಯ ಗಂಟೆ ಬಾರಿಸುವುದೇ ಹತ್ತರ ಸುಮಾರಿಗೆ. ಅವರು ಕಾಯ್ದೆಯಿಂದ ಪಡೆದದ್ದು ನಮಗೆ ಪುಕ್ಕಟೆ ಸಿಕ್ಕಿದೆ, ಅದನ್ನು ನಾವು ಬಾಗಿಲು ಬಡಿದು ಕಳೆಯುತ್ತೇವೆ. ಮಹಾರಾಷ್ಟ್ರ 2024ರಲ್ಲಿ ನಾಲ್ಕನೆಯ ತರಗತಿವರೆಗಿನ ಮಕ್ಕಳ ನಿದ್ದೆಗೆಂದು ಸಾಲೆಯನ್ನು ಒಂಬತ್ತಕ್ಕೋ ಅದರ ನಂತರವೋ ಸುರುಮಾಡಲು ಹೇಳಿತು. ದೊಡ್ಡ ಮಕ್ಕಳನ್ನು ಬಿಟ್ಟಿತು. ಹರಿಯಾಣವಂತೂ 2022ರ ಡಿಸೆಂಬರಿನಲ್ಲಿ ಗುಡಿ, ಮಸೀದಿ, ಗುರುದ್ವಾರಗಳ ಧ್ವನಿವರ್ಧಕದಿಂದ ನಾಲ್ಕೂವರೆಗೆ ಪರೀಕ್ಷೆಯ ಮಕ್ಕಳನ್ನು ಎಬ್ಬಿಸಲು ಸೂಚಿಸಿತು. ನನ್ನಂಥ ಮಾಸ್ತರನೇ ಸರಕಾರವಾದರೆ ಹೀಗಾಗುತ್ತದೆ.

ಎಲ್ಲಾ ಮೊಬೈಲಿನಿಂದ ಕೆಟ್ಟಿತು ಎನ್ನುವವರಿದ್ದಾರೆ. ಮೊಬೈಲು ನಿದ್ದೆಗೆಡಿಸುತ್ತದೆ, ನಿಜ. ಆದರೆ ಹೊದಿಕೆಯೊಳಗೆ ಮೊಬೈಲು ನೋಡುವ ಹುಡುಗನನ್ನು ಬೈಯುವ ನಾವು, ಹೊಲದಲ್ಲಿ ನೀರು ತಿರುವುವ ಹುಡುಗನನ್ನು ಹೊಗಳುತ್ತೇವೆ. ನಿದ್ದೆ ಇಬ್ಬರದೂ ಹೋಗಿದೆ. ನಿಮ್ಹಾನ್ಸಿನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿಮೂರರಿಂದ ಹದಿನೇಳರ ವಯಸ್ಸಿನವರಲ್ಲಿ ನೂರಕ್ಕೆ 7.3 ಜನರಿಗೆ ಮಾನಸಿಕ ತೊಂದರೆ ಕಂಡಿತು. ಆ ಲೆಕ್ಕಕ್ಕೆ ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ಕು ಜನ. ಅವರಲ್ಲಿ ಎಷ್ಟು ಮಂದಿಯನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದೆನೋ. ಈಗ 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲಿಯೇ, ಪುಕ್ಕಟೆ, ಮಾತಾಡುತ್ತಾರೆ. 2022ರ ಅಕ್ಟೋಬರಿನಿಂದ ಇದೆ. ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ ಆ ನಂಬರನ್ನು ಬರೆದು ಅಂಟಿಸಲು ಯಾವ ಮಾಸ್ತರನಿಗೂ ಯಾರ ಆದೇಶವೂ ಬೇಕಿಲ್ಲ. ಪಂಪಿನ ಕರೆಂಟನ್ನು ಹಗಲಿಗೆ ಕೊಡಿರಿ ಎಂದು ರೈತರು ಕೇಳುವಾಗ ಮಾಸ್ತರರೂ ಅವರ ಜೊತೆ ನಿಲ್ಲಬೇಕು.

ಮೊನ್ನೆ ಡಿಸೆಂಬರಿನಲ್ಲಿ ನಮ್ಮ ಓಣಿಯಲ್ಲಿ ಮತ್ತೆ ನಸುಕಿನ ಬೈಕಿನ ಸಪ್ಪಳ ಕೇಳಿತು. ಎದ್ದುಹೋಗಿ ನಿಲ್ಲಿಸಿದೆ. ತರುಣ ಮಾಸ್ತರ, ನನ್ನ ಹಳೆಯ ವಿದ್ಯಾರ್ಥಿ. "ಈ ಹುಡುಗ ರಾತ್ರಿ ಎಷ್ಟಕ್ಕ ಮಲಗ್ಯಾನ, ಗೊತ್ತೈತೇನಪಾ?" ಎಂದೆ. "ಸರ, ಇದನ್ನ ನೀವ ಕಲಿಸಿದ್ದಲ್ರಿ" ಎಂದು ನಕ್ಕು, ಮುಂದಿನ ಮನೆಯ ಬಾಗಿಲಿಗೆ ಹೋದ.