ಕನ್ಹೇರಿಯ ಬಂಡೆ ಮತ್ತು ಅತಿಥಿಗಳ ಅಕ್ಷರ

ಮುಂಬಯಿಯಲ್ಲಿ ಒಬ್ಬ ನೆಂಟನಾದರೂ ಇಲ್ಲದ ಕನ್ನಡ ಕುಟುಂಬ ನಮ್ಮ ಕಾಸರಗೋಡಿನಲ್ಲಿ ವಿರಳ. ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಹೋಗುವುದೂ ಉಂಟು. ಗೇಟ್‌ವೇ, ಚೌಪಾಟಿ, ಮಹಾಲಕ್ಷ್ಮಿ ದೇವಸ್ಥಾನ, ಇಷ್ಟು ನೋಡಿ ಹಿಂದಿರುಗುತ್ತಾರೆ. ಬೊರಿವಲಿಯ ಕಾಡಿನೊಳಗಿನ ಕನ್ಹೇರಿಗೆ ಹೋಗಿ ಬಂದವರು ಬೆರಳೆಣಿಕೆಯಷ್ಟೇ. ಇದು ನಷ್ಟವೆಂದೇ ನಮ್ಮ ಅಭಿಪ್ರಾಯ.

ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕರಿಬಂಡೆಯ ಗುಡ್ಡದಲ್ಲಿ ನೂರಕ್ಕೂ ಮಿಕ್ಕಿ ಗುಹೆಗಳಿವೆ. ಬೌದ್ಧ ಭಿಕ್ಷುಗಳು ಸುಮಾರು ಸಾವಿರ ವರ್ಷ ಇಲ್ಲಿ ನೆಲೆಸಿದ್ದರು. 3ನೆಯ ಗುಹೆಯ ಮೊಗಸಾಲೆಯಲ್ಲಿ ನಾಲ್ಕಾಳೆತ್ತರದ ಎರಡು ಬುದ್ಧಮೂರ್ತಿಗಳು; 41ನೆಯದರಲ್ಲಿ ಹನ್ನೊಂದು ತಲೆಗಳ ಅವಲೋಕಿತೇಶ್ವರ. ಆದರೆ ನಮ್ಮವರು ಹೆಚ್ಚು ಹೊತ್ತು ನಿಲ್ಲಬೇಕಾದ್ದು ನೀರಿನ ತೊಟ್ಟಿಗಳ ಎದುರು. ಗುಡ್ಡದ ಮೇಲೆ ಬಿದ್ದ ಮಳೆನೀರನ್ನು ಬಂಡೆಯಲ್ಲೇ ಕೊರೆದ ಕಾಲುವೆಗಳಲ್ಲಿ ಇಳಿಸಿ, ಗುಹೆಗಳ ಬಾಗಿಲ ಬಳಿಯ ತೊಟ್ಟಿಗಳಲ್ಲಿ ತುಂಬಿಸಿಕೊಳ್ಳುತ್ತಿದ್ದರು. ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದು ತೋಟಕ್ಕೆ ನೀರು ತಂದವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯ, 9ನೆಯ ಶತಮಾನದ ಶಾಸನಗಳೂ ಇಲ್ಲಿವೆ. 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲೇ. ಆದರೆ ಇಲ್ಲಿನ ಆ ಶಾಸನಗಳ ಭಾಷೆ ಸಂಸ್ಕೃತ. ಕನ್ಹೇರಿ ನಮ್ಮದೆಂದು ಬೀಗಲು ಇಷ್ಟು ಸಾಲದು, ಬೀಗಬೇಕಾದ ಅಗತ್ಯವೂ ಇಲ್ಲ. ಗುಹೆಯ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ ಹಣವಿಟ್ಟ ದಾನಿ ಪುಸ್ತಕಗಳಿಗೆಂದೂ ಒಂದಿಷ್ಟು ತೆಗೆದಿಟ್ಟನೆಂಬುದೇ ನಮಗೆ ಹೆಚ್ಚು ಹಿಡಿಸಿದ ಸಂಗತಿ. ನಮ್ಮೂರ ವಾಚನಾಲಯಗಳ ಸಮಿತಿಯವರು ಇದನ್ನು ಗಮನಿಸಿದರೆ ಒಳ್ಳೆಯದು.

ಇನ್ನು 90ನೆಯ ಗುಹೆ. 1009ರಲ್ಲಿ ಮತ್ತು 1021ರಲ್ಲಿ ಇಲ್ಲಿಗೆ ಬಂದುಹೋದ ಪಾರಸಿಗಳು ತಮ್ಮ ಹೆಸರು, ತಂದೆಯ ಹೆಸರು, ದಿನಾಂಕಗಳನ್ನು ತಮ್ಮದೇ ಪಹ್ಲವಿ ಲಿಪಿಯಲ್ಲಿ ಕೆತ್ತಿಸಿದ್ದಾರೆ. ನೆಲ ಬೇರೆಯವರದು, ಗುಹೆ ಬೇರೆ ಧರ್ಮದವರದು, ಸುತ್ತಮುತ್ತಲಿನವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲವೆಂದೇ ಎಣಿಸಬೇಕು. ಆದರೂ ಆ ಸಾಲುಗಳು ಇಂದಿಗೂ ಉಳಿದಿವೆ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಕಛೇರಿಯ ಬೋರ್ಡಿನಲ್ಲಿ, ಅರ್ಜಿಯ ನಮೂನೆಯಲ್ಲಿ ಕನ್ನಡಕ್ಕೊಂದು ಸಾಲು ಬೇಕೆಂದು ಕೇಳುತ್ತ ಬಂದ ನಮಗೆ ಆ ಗೋಡೆಯ ಎದುರು ಏನನ್ನಿಸೀತು? ನಮ್ಮ ಮಕ್ಕಳು ಅದನ್ನು ಕಣ್ಣಾರೆ ನೋಡಬೇಕೆಂಬುದೇ ನಮ್ಮ ಆಸೆ.

ಹಾಗಾದರೆ ನಾವೂ ಒಂದು ಹೆಸರು ಕೆತ್ತಿದರೇನೆಂದು ಯಾರಾದರೂ ಕೇಳಿಯಾರು. ಅದು ಈಗ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ, ಕೆತ್ತುವುದು ಅಪರಾಧ. ಮೊಳೆಯ ಬದಲು ಕೈಯಲ್ಲಿ ನೋಟುಪುಸ್ತಕವಿರಲಿ.

ಸೋಮವಾರ ಉದ್ಯಾನಕ್ಕೆ ಪ್ರವೇಶವಿಲ್ಲ. ಹೆಬ್ಬಾಗಿಲಿನಿಂದ ಗುಹೆಗಳಿಗೆ ಆರೇಳು ಕಿಲೋಮೀಟರ್ ದಾರಿ. ಓಣಂ ರಜೆಯಲ್ಲಿ ಹೋದರೆ ಅಲ್ಲಿ ಮಳೆ ಇನ್ನೂ ಇರುತ್ತದೆ, ಬಂಡೆಯ ಕಾಲುವೆಗಳಲ್ಲಿ ನೀರು ಹರಿಯುವುದನ್ನೂ ಕಾಣಬಹುದು. ಮೆಟ್ಟಲು ಜಾರುತ್ತದೆ; ಅಜ್ಜ ಅಜ್ಜಿಯರನ್ನು ಕೈಹಿಡಿದು ನಡೆಸಬೇಕು.