ಸರ್ವರ್ ನಿರ್ವಹಣೆ: ಯಜಮಾನನ ಬಳಿ ಇರಬೇಕಾದ ಕೀಲಿಕೈ

ಗೋದಾಮಿಗೆ ಎರಡು ಬೀಗ ಹಾಕಿಸಿ ಒಂದರ ಕೀಲಿಕೈಯನ್ನು ತನ್ನಲ್ಲಿಯೇ ಇರಿಸಿಕೊಳ್ಳುವ ವರ್ತಕರು, ದಾಸ್ತಾನಿಗೆ ತಪ್ಪದೆ ಬೆಂಕಿ ವಿಮೆ ಮಾಡಿಸುವ ಉತ್ಪಾದಕರು, ಪ್ರತಿದಿನ ಸಂಜೆ ನಗದು ತಾಳೆ ನೋಡದೆ ಅಂಗಡಿಯ ಬಾಗಿಲು ಹಾಕದ ಯಜಮಾನರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇವರಲ್ಲಿ ಬಹುಪಾಲು ಜನರು ತಮ್ಮ ಸಂಸ್ಥೆಯ ವೆಬ್‌ಸೈಟ್ ನಡೆಯುವ ಸರ್ವರ್‌ನ ವಿಷಯ ಬಂದಾಗ ಮಾತ್ರ ಸಂಪೂರ್ಣ ಉದಾಸೀನರಾಗುತ್ತಾರೆ. 'ಅದನ್ನೆಲ್ಲ ಡೆವಲಪರ್ ನೋಡಿಕೊಳ್ಳುತ್ತಾನೆ' ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ವೆಬ್‌ಸೈಟ್ ಎಂಬುದು ಕೇವಲ ವಿಸಿಟಿಂಗ್ ಕಾರ್ಡ್‌ನಂತೆ ಇದ್ದ ಕಾಲದಲ್ಲಿ ಈ ಧೋರಣೆಯಿಂದ ಹೆಚ್ಚಿನ ಹಾನಿ ಇರಲಿಲ್ಲ. ಇಂದು ಡೀಲರ್‌ಗಳ ಆರ್ಡರ್‌ಗಳು, ದರಪಟ್ಟಿ, ಗ್ರಾಹಕರ ವಿಳಾಸ ಮತ್ತು ದೂರವಾಣಿ ಸಂಖ್ಯೆಗಳು, ಬಿಲ್ಲುಗಳ ಪ್ರತಿಗಳು ಎಲ್ಲವೂ ಅದೇ ಸರ್ವರ್‌ನಲ್ಲಿ ಇರುತ್ತವೆ. ಹೀಗಿರುವಾಗ ಸರ್ವರ್ ಒಂದು ಗೋದಾಮೇ ಹೌದು. ಅದರ ಒಳಾಡಳಿತವನ್ನು ಒಬ್ಬ ತಂತ್ರಜ್ಞನ ನೆನಪಿನ ಶಕ್ತಿಗೆ ಒಪ್ಪಿಸಿ ನಿಶ್ಚಿಂತರಾಗಿರುವುದು ವ್ಯಾಪಾರ ಧರ್ಮಕ್ಕೆ ಒಪ್ಪುವ ಮಾತಲ್ಲ.

ಐದು ವ್ಯವಸ್ಥೆಗಳಿದ್ದರೂ ಒಂದೂ ಒದಗಲಿಲ್ಲ

ಇದು ಕೇವಲ ಸಣ್ಣ ಸಂಸ್ಥೆಗಳ ದೌರ್ಬಲ್ಯವೆಂದು ತಿಳಿಯಬೇಕಾಗಿಲ್ಲ. ಡೆವಲಪರ್‌ಗಳ ಕೆಲಸಕ್ಕೆಂದೇ ಸೇವೆ ಒದಗಿಸುವ ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದ ಘಟನೆ ಗಮನಾರ್ಹವಾದುದು. ತಡರಾತ್ರಿಯವರೆಗೆ ದುಡಿಯುತ್ತಿದ್ದ ಎಂಜಿನಿಯರ್ ಒಬ್ಬರು ಉಪ ಸರ್ವರ್‌ನಲ್ಲಿ ಅಳಿಸಬೇಕಾಗಿದ್ದ ದತ್ತಾಂಶವನ್ನು ತಪ್ಪಿ ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ತಪ್ಪು ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ಗಳಲ್ಲಿ 4.5 ಗಿಗಾಬೈಟ್ ಮಾತ್ರ ಉಳಿದಿತ್ತು.

ಬ್ಯಾಕಪ್‌ಗೆಂದು ಅಲ್ಲಿ ಐದು ಬಗೆಯ ವ್ಯವಸ್ಥೆಗಳಿದ್ದವು. ಆಪತ್ಕಾಲದಲ್ಲಿ ಅವುಗಳಲ್ಲಿ ಯಾವುದೂ ನಂಬಿಕೆಗೆ ಅರ್ಹವಾಗಿ ಒದಗಲಿಲ್ಲ. ಪ್ರತಿದಿನ ತೆಗೆಯಬೇಕಾಗಿದ್ದ ಡೇಟಾಬೇಸ್ ಪ್ರತಿಯು, ಸಾಫ್ಟ್‌ವೇರ್ ಆವೃತ್ತಿಗಳು ಹೊಂದಿಕೆಯಾಗದ ಕಾರಣ, ಸದ್ದಿಲ್ಲದೆ ವಿಫಲವಾಗುತ್ತಿತ್ತು. ಆ ವೈಫಲ್ಯವನ್ನು ತಿಳಿಸುವ ಇ-ಮೇಲ್‌ಗಳು ಸಹ ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಕೊನೆಗೆ ಬೇರೆ ಕೆಲಸಕ್ಕಾಗಿ ಆರು ಗಂಟೆಗಳ ಮುಂಚೆ ಆಕಸ್ಮಿಕವಾಗಿ ತೆಗೆದಿರಿಸಿದ್ದ ಒಂದು ಪ್ರತಿಯಿಂದ ಸಂಸ್ಥೆ ಚೇತರಿಸಿಕೊಂಡಿತು. ನಡುವಿನ ಆರು ಗಂಟೆಗಳ ದತ್ತಾಂಶ ಶಾಶ್ವತವಾಗಿ ಕಳೆದುಹೋಯಿತು. ಸಂಸ್ಥೆಯು ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದ್ದರಿಂದ ಜಗತ್ತಿಗೆ ಒಂದು ಪಾಠ ದೊರೆಯಿತು.

ಪಾಠ ಇಷ್ಟೇ: ಬ್ಯಾಕಪ್ ಇದೆ ಎಂಬುದು ಬೇರೆ, ಬ್ಯಾಕಪ್‌ನಿಂದ ಕಡತಗಳನ್ನು ಮರಳಿ ಪಡೆಯಬಹುದು ಎಂಬುದು ಬೇರೆ. ಭೌತಿಕವಾಗಿ ಎಣಿಸಿ ನೋಡದ ದಾಸ್ತಾನನ್ನು ಯಾವ ಲೆಕ್ಕ ಪರಿಶೋಧಕನೂ ಸುಮ್ಮನೆ ಒಪ್ಪುವುದಿಲ್ಲ. ಅದೇ ನ್ಯಾಯ ಬ್ಯಾಕಪ್‌ಗೂ ಅನ್ವಯಿಸಬೇಕು.

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ಣವಾಗಿ ನಾಶವಾಯಿತು. ಮೂಲ ಕಡತಗಳನ್ನೂ ಅವುಗಳ ಪ್ರತಿಯನ್ನೂ ಒಂದೇ ಆವರಣದಲ್ಲಿ ಇರಿಸಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಹಳೆಯ ನಿಯಮದ ಮಹತ್ವ ಅಂದು ಮತ್ತೊಮ್ಮೆ ಸಿದ್ಧವಾಯಿತು.

ಕಾನೂನಿನ ದೃಷ್ಟಿ

ಇದು ಕೇವಲ ವಿವೇಕದ ಪ್ರಶ್ನೆಯಾಗಿ ಉಳಿದಿಲ್ಲ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಬೇಕು. ವಿದ್ಯುನ್ಮಾನ ರೂಪದಲ್ಲಿರುವ ದಾಖಲೆಗಳು ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ನಾಶವಾದರೂ ಅವುಗಳನ್ನು ಸಮಂಜಸ ಅವಧಿಯೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇರಿಸಬೇಕೆಂದು 57ನೆಯ ನಿಯಮ ವಿಧಿಸುತ್ತದೆ. 'ಸರ್ವರ್ ಕೆಟ್ಟುಹೋಯಿತು' ಎಂಬ ಉತ್ತರ ಅಧಿಕಾರಿಗಳ ಮುಂದೆ ನಿಲ್ಲುವುದು ಕಷ್ಟ.

ಕಂಪನಿಗಳಿಗೆ ಹೊಣೆ ಇನ್ನೂ ಹೆಚ್ಚು. ವಿದ್ಯುನ್ಮಾನ ಲೆಕ್ಕದ ಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇರಬೇಕೆಂದು 2022ರ ಆಗಸ್ಟ್‌ನ ತಿದ್ದುಪಡಿ ಹೇಳುತ್ತದೆ. 2023ರ ಏಪ್ರಿಲ್ 1ರಿಂದ, ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸುವ ಆಡಿಟ್ ಟ್ರೇಲ್ ಸೌಲಭ್ಯವುಳ್ಳ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕು. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು, ಸರ್ವರ್‌ನ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಗ್ರಾಹಕರ ವೈಯಕ್ತಿಕ ಮಾಹಿತಿಗೆ ಸಮಂಜಸ ಭದ್ರತೆ ಒದಗಿಸದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಅವಕಾಶವಿದೆ.

ಈ ಯಾವ ಹೊಣೆಯೂ ಡೆವಲಪರ್‌ನ ಹೆಗಲಿಗೆ ತಾನಾಗಿ ವರ್ಗವಾಗುವುದಿಲ್ಲ. ನೋಟಿಸ್ ಬರುವುದು ಸಂಸ್ಥೆಯ ಹೆಸರಿಗೇ.

ಡೆವಲಪರ್‌ನ ಉಪಕರಣ, ಯಜಮಾನನ ನಿಯಂತ್ರಣ

ಸಮಾಧಾನದ ಸಂಗತಿಯೆಂದರೆ, ಒಳ್ಳೆಯ ಡೆವಲಪರ್‌ಗಳು ಬಳಸುವ ಉಪಕರಣಗಳು ಲೆಕ್ಕಪತ್ರ ಶಾಸ್ತ್ರದ ತತ್ತ್ವಗಳಿಗೆ ಬಹಳ ಸಮೀಪವಾಗಿವೆ. ಅವುಗಳಲ್ಲಿ ಮುಖ್ಯವಾದುವು ಉಚಿತವಾಗಿಯೇ ದೊರೆಯುತ್ತವೆ.

ಮೊದಲನೆಯದು ಗಿಟ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಈ ತಂತ್ರಾಂಶವು ಪ್ರೋಗ್ರಾಮಿನ ಪ್ರತಿಯೊಂದು ತಿದ್ದುಪಡಿಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂಬ ವಿವರದೊಂದಿಗೆ ದಾಖಲಿಸುತ್ತದೆ. ಇದು ರೋಜುಮೇಳ ಪುಸ್ತಕವಿದ್ದಂತೆ. ಸರ್ವರ್‌ನಲ್ಲಿರುವ ಕಡತವನ್ನು ನೇರವಾಗಿ ತಿದ್ದುವುದು ರೋಜುಮೇಳದಲ್ಲಿ ಬರೆಯದೆ ಖಾತೆಯನ್ನು ತಿದ್ದಿದಂತೆ. ತಿದ್ದುಪಡಿ ಮೊದಲು ಗಿಟ್‌ನಲ್ಲಿ ದಾಖಲಾಗಿ, ಪ್ರಾಯೋಗಿಕ ಸರ್ವರ್‌ನಲ್ಲಿ ಪರೀಕ್ಷೆಗೊಂಡು, ಅನಂತರವೇ ಮುಖ್ಯ ಸರ್ವರ್‌ಗೆ ಹೋಗಬೇಕು.

ಎರಡನೆಯದು ಪ್ರವೇಶದ ಕೀಲಿ. ಸರ್ವರ್‌ಗೆ ಸುರಕ್ಷಿತವಾಗಿ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ವಿಧಾನದಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಪ್ರತ್ಯೇಕ ಕೀಲಿ ನೀಡಬಹುದು. ಎಲ್ಲರೂ ಒಂದೇ ಪಾಸ್‌ವರ್ಡ್ ಹಂಚಿಕೊಂಡರೆ, ಕೆಲಸ ಬಿಟ್ಟುಹೋದವನ ಪ್ರವೇಶವನ್ನು ತಡೆಯಲು ಎಲ್ಲರ ಪಾಸ್‌ವರ್ಡ್ ಬದಲಿಸಬೇಕಾಗುತ್ತದೆ. ಪ್ರತ್ಯೇಕ ಕೀಲಿಯಿದ್ದರೆ ಆತನದನ್ನು ಮಾತ್ರ ರದ್ದುಪಡಿಸಿದರೆ ಸಾಕು.

ಮೂರನೆಯದು ಬ್ಯಾಕಪ್. ನಿಗದಿತ ವೇಳೆಗೆ ಕೆಲಸವನ್ನು ತಾನಾಗಿ ಆರಂಭಿಸುವ ಕ್ರಾನ್ ಮತ್ತು ಬದಲಾದ ಭಾಗವನ್ನಷ್ಟೇ ಬೇರೆಡೆಗೆ ನಕಲಿಸುವ ಆರ್‌ಸಿಂಕ್, ಇವೆರಡೂ ಸಣ್ಣ ಸಂಸ್ಥೆಯೊಂದರ ಅಗತ್ಯದ ಬಹುಭಾಗವನ್ನು ಪೂರೈಸಬಲ್ಲವು. ಆದರೆ ಆರ್‌ಸಿಂಕ್ ಒಂದನ್ನೇ ನೆಚ್ಚುವುದು ಅಪಾಯಕರ. ಮೂಲದಲ್ಲಿ ಕೆಟ್ಟುಹೋದ ಕಡತವನ್ನೂ ಅದು ನಿಷ್ಠೆಯಿಂದ ನಕಲಿಸಿ ಹಳೆಯ ಒಳ್ಳೆಯ ಪ್ರತಿಯನ್ನು ಅಳಿಸಿಬಿಡಬಲ್ಲದು. ಆದ್ದರಿಂದ ದಿನ, ವಾರ, ತಿಂಗಳುಗಳ ಪ್ರತ್ಯೇಕ ಪ್ರತಿಗಳು ಇರಬೇಕು. ಡೇಟಾಬೇಸ್‌ನ ಪ್ರತಿಯನ್ನು ಅದಕ್ಕೆಂದೇ ಇರುವ ಆದೇಶದ ಮೂಲಕ ತೆಗೆಯಬೇಕು.

ನಾಲ್ಕನೆಯದು ಗಡುವುಗಳ ಪಟ್ಟಿ. ಜಾಲತಾಣದ ಭದ್ರತಾ ಪ್ರಮಾಣಪತ್ರದ ಗರಿಷ್ಠ ಅವಧಿಯನ್ನು ಹಂತ ಹಂತವಾಗಿ ಇಳಿಸಿ, 2029ರ ಮಾರ್ಚ್ ವೇಳೆಗೆ 47 ದಿನಗಳಿಗೆ ತರಲು 2025ರ ಏಪ್ರಿಲ್‌ನಲ್ಲಿ ತೀರ್ಮಾನವಾಗಿದೆ. ಉಚಿತ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಅವಧಿ ಮುಗಿಯುವ ಮುನ್ನ ಕಳುಹಿಸುತ್ತಿದ್ದ ಇ-ಮೇಲ್ ಎಚ್ಚರಿಕೆಗಳನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಕೈಯಿಂದ ನವೀಕರಿಸುವ ಪದ್ಧತಿಗೆ ಇನ್ನು ಭವಿಷ್ಯವಿಲ್ಲ. ಸ್ವಯಂಚಾಲಿತ ನವೀಕರಣವೂ ಅದು ವಿಫಲವಾದರೆ ತಿಳಿಸುವ ಸ್ವತಂತ್ರ ವ್ಯವಸ್ಥೆಯೂ ಅನಿವಾರ್ಯ. ಸರ್ವರ್‌ನ ಮೂಲ ತಂತ್ರಾಂಶಕ್ಕೂ ಆಯಸ್ಸು ಉಂಟು. ಬಹಳ ಕಡೆ ಬಳಕೆಯಲ್ಲಿದ್ದ ಸೆಂಟ್‌ಓಎಸ್ 7ಕ್ಕೆ ಭದ್ರತಾ ತಿದ್ದುಪಡಿಗಳು 2024ರ ಜೂನ್ 30ಕ್ಕೆ ನಿಂತುಹೋದವು.

ಅಗ್ಗದ ಒಪ್ಪಂದದ ದುಬಾರಿ ಬೆಲೆ

'ಸಣ್ಣ ಸಂಸ್ಥೆಯ ಸರ್ವರ್‌ಗೆ ಕನ್ನ ಹಾಕುವವರು ಯಾರು?' ಎಂಬ ಆಕ್ಷೇಪಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಕನ್ನ ಹಾಕುವುದು ಈಗ ಮನುಷ್ಯರಲ್ಲ, ಹಗಲಿರುಳು ಅಂತರಜಾಲವನ್ನು ಜಾಲಾಡುವ ಸ್ವಯಂಚಾಲಿತ ಪ್ರೋಗ್ರಾಮುಗಳು. ಅವುಗಳಿಗೆ ವಹಿವಾಟಿನ ಗಾತ್ರ ಮುಖ್ಯವಲ್ಲ, ತೆರೆದ ಬಾಗಿಲು ಮುಖ್ಯ.

ಇಲ್ಲಿ ಡೆವಲಪರ್‌ಗಳನ್ನಷ್ಟೇ ದೂರುವುದು ನ್ಯಾಯವಾಗದು. ವೆಬ್‌ಸೈಟ್ ರಚನೆಗೆ ಒಮ್ಮೆ ಚೌಕಾಸಿ ಮಾಡಿ ಹಣ ಕೊಟ್ಟು, ಆ ಬಳಿಕ ವರ್ಷಾನುಗಟ್ಟಲೆ ನಿರ್ವಹಣೆಯನ್ನು ಉಚಿತವಾಗಿ ನಿರೀಕ್ಷಿಸುವ ಪರಿಪಾಠ ನಮ್ಮಲ್ಲಿದೆ. ಲೇತ್ ಯಂತ್ರಕ್ಕೂ ಜನರೇಟರ್‌ಗೂ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವ ಉದ್ಯಮಿಯು ಸರ್ವರ್‌ಗೆ ಮಾತ್ರ ಅದನ್ನು ದುಂದೆಂದು ಭಾವಿಸುತ್ತಾನೆ. ಹಣ ಕೊಡದ ಕೆಲಸದಲ್ಲಿ ಶಿಸ್ತನ್ನು ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ.

ಆದ್ದರಿಂದ ಪ್ರತಿಯೊಂದು ಸಂಸ್ಥೆಯೂ ಲಿಖಿತ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವುದು ಉಚಿತ. ಅದರಲ್ಲಿ ಈ ಅಂಶಗಳು ಇರಲೇಬೇಕು:

1. ಡೊಮೇನ್ ಹೆಸರು, ಹೋಸ್ಟಿಂಗ್ ಖಾತೆ ಮತ್ತು ಗಿಟ್ ಖಾತೆ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲ್ ವಿಳಾಸದಲ್ಲಿ ಇರತಕ್ಕದ್ದು.

2. ಬ್ಯಾಕಪ್‌ನ ಒಂದು ಪ್ರತಿ ಬೇರೆ ಊರಿನಲ್ಲಿ, ಬೇರೆ ಪಾಸ್‌ವರ್ಡ್‌ನ ಅಡಿಯಲ್ಲಿ ಇರತಕ್ಕದ್ದು.

3. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ವೆಬ್‌ಸೈಟನ್ನು ಖಾಲಿ ಸರ್ವರ್‌ನಲ್ಲಿ ಮರುಸ್ಥಾಪಿಸಿ, ತಗುಲಿದ ಸಮಯವನ್ನು ಬರೆದು ಸಹಿ ಮಾಡಿ ಕೊಡತಕ್ಕದ್ದು.

4. ಸರ್ವರ್‌ಗೆ ಪ್ರವೇಶವಿರುವ ಎಲ್ಲರ ಪಟ್ಟಿಯನ್ನು ತಿಂಗಳಿಗೊಮ್ಮೆ ಪರಿಶೀಲಿಸತಕ್ಕದ್ದು.

5. ಡೆವಲಪರ್ ಬದಲಾದಲ್ಲಿ ಹೊಸಬನು ಓದಿ ಮುಂದುವರಿಸುವಂತೆ ಕಾರ್ಯವಿಧಾನದ ಟಿಪ್ಪಣಿ ಒಪ್ಪಿಸತಕ್ಕದ್ದು.

ಈ ಐದರಲ್ಲಿ ಯಾವುದನ್ನೂ ಪರಿಶೀಲಿಸಲು ಯಜಮಾನನಿಗೆ ಕಂಪ್ಯೂಟರ್ ವಿಜ್ಞಾನ ತಿಳಿದಿರಬೇಕಾಗಿಲ್ಲ. ಕೇಳಿ ಪಡೆಯುವ ಅಭ್ಯಾಸ ಸಾಕು. ಎಲ್ಲ ಸದಸ್ಯರಿಗೂ ಉಪಯುಕ್ತವಾಗುವಂತೆ ಇಂಥ ಒಪ್ಪಂದದ ಮಾದರಿಯೊಂದನ್ನು ವಾಣಿಜ್ಯ ಸಂಸ್ಥೆಗಳೇ ಸಿದ್ಧಪಡಿಸಿ ಹಂಚಿದರೆ ಅದೊಂದು ದೊಡ್ಡ ಉಪಕಾರವಾದೀತು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಹಿರಿಯರು ವ್ಯಾಪಾರಿಗಳಿಗೆಂದೇ ಬಿಟ್ಟುಹೋದಂತಿದೆ. ಮಾರ್ಚ್ ಅಂತ್ಯದ ದಾಸ್ತಾನು ಎಣಿಕೆಯ ಪಟ್ಟಿಗೆ ಸರ್ವರನ್ನೂ ಸೇರಿಸಿಕೊಂಡು, ಒಮ್ಮೆ ಬ್ಯಾಕಪ್‌ನಿಂದ ಮರುಸ್ಥಾಪನೆ ಮಾಡಿಸಿ ನೋಡುವುದು ಅಂದಿನವರೆಗೆ ಕಾಯದೆ ಮಾಡಬಹುದಾದ ಮೊದಲ ಕೆಲಸ.