ಅಜ್ಜಿಯ ಕನಸಿಗೆ ಬಂದ ಲಕ್ಷ್ಮಿ

ನಿಮ್ಮ ಕನಸಲ್ಲಿ ಯಾವತ್ತಾದ್ರೂ ಲಕ್ಷ್ಮಿ ಬಂದದ್ದುಂಟಾ? ನಮ್ಮ ಅಜ್ಜಿಗೆ ಬಂದಿದ್ಲಂತೆ. ಕೆಂಪು ಸೀರೆ, ನಾಲ್ಕು ಕೈ, ತಾವರೆ ಮೇಲೆ ನಿಂತಿದ್ಲು, ಹತ್ತಿರ ಆನೆ. ಕೇಳಿ ನಾನು ದೇವರ ಕೋಣೆಗೆ ಹೋಗಿ ಫ್ರೇಮ್ ನೋಡಿದೆ. ಅದೇ ಸೀರೆ, ಅದೇ ಆನೆ! ರವಿವರ್ಮನ ಲಕ್ಷ್ಮಿ ಮಾರ್ರೆ ಅದು.

ಇದನ್ನೆಲ್ಲ 'ಕ್ಯಾಲೆಂಡರ್ ಆರ್ಟ್' ಅಂತ ನಗಾಡುವವರು ನಮ್ಮ ಕ್ಲಾಸಲ್ಲೇ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ. ಕಲ್ಲಚ್ಚು. ನುಣುಪು ಕಲ್ಲಿನ ಮೇಲೆ ಜಿಡ್ಡಿನಲ್ಲಿ ಚಿತ್ರ ಬರೆದು ನೀರು ಹಚ್ಚಿದ್ರೆ, ಶಾಯಿ ಜಿಡ್ಡಿರುವಲ್ಲಿ ಮಾತ್ರ ಹಿಡೀತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಅದೂ ಚಿತ್ರ ತಿರುಗಾಮುರುಗಾ. ನಮ್ಮ ಕಡೆಗೆ ಇದು ಹೊಸತೇನಲ್ಲ, 1843ರಲ್ಲಿ ಮೋಗ್ಲಿಂಗ್ ಮಂಗಳೂರಲ್ಲಿ 'ಮಂಗಳೂರ ಸಮಾಚಾರ' ಛಾಪಿಸಿದ್ದೂ ಕಲ್ಲಚ್ಚಲ್ಲೇ. (ಬಿಕಾಂ ಬುದ್ಧಿ, ಹೇಳದೆ ಇರ್ಲಿಕ್ಕಾಗುದಿಲ್ಲ: ರವಿವರ್ಮನ ಪ್ರೆಸ್ ಸಾಲಕ್ಕೆ ಬಿದ್ದು ಕೊನೆಗೆ ಜರ್ಮನ್ ತಂತ್ರಜ್ಞ ಷ್ಲೈಖರ್‌ಗೆ ಮಾರಾಟ ಆಯ್ತು. ಚಿತ್ರ ಮಾತ್ರ ಮನೆಮನೆಗೆ ಹೋಯ್ತು.)

ಉಷಾ ಪರಿಣಯ ಆಟ ನೋಡಿದವರಿಗೆ ಈ ಕಥೆ ಗೊತ್ತು. ಉಷೆಯ ಕನಸಲ್ಲಿ ಒಬ್ಬ ಬರ್ತಾನೆ, ಯಾರಂತ ಅವಳಿಗೇ ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ಒಬ್ಬೊಬ್ಬರ ಚಿತ್ರ ಬರೆದು ತೋರಿಸ್ತಾ ಹೋಗ್ತಾಳೆ, ಅನಿರುದ್ಧನದ್ದು ಬಂದಾಗ 'ಇವನೇ' ಅಂತಾಳೆ ಉಷೆ. ಉಷೆಯ ಕನಸನ್ನು ರವಿವರ್ಮನೂ ಬರೆದಿದ್ದಾನೆ. ಅವಳಿಗೆ ಕನಸು ಮೊದಲು, ಚಿತ್ರ ಆಮೇಲೆ. ನನ್ನ ಅಜ್ಜಿಗೆ ಚಿತ್ರ ಮೊದಲು. ನಿಮಗೂ ನನಗೂ ಅಷ್ಟೇ.

ಇದರಲ್ಲಿ ನಷ್ಟವೂ ಉಂಟು, ಅದನ್ನು ಮುಚ್ಚಿಡುದಿಲ್ಲ. ಕರಾವಳಿಯ ಹಳೇ ಗೋಡೆಗಳಲ್ಲಿ ಕಾವಿ ಕಲೆಯ ದೇವರುಗಳು ಇದ್ರು, ಕೆಂಪು ಬಿಳಿ ಎರಡೇ ಬಣ್ಣ. ಆ ಮುಖ ಈಗ ಯಾರ ಕನಸಿಗೂ ಬರ್ಲಿಕ್ಕಿಲ್ಲ. ಎಲ್ಲರ ಲಕ್ಷ್ಮಿಗೂ ಒಂದೇ ಮುಖ ಆಗಿಹೋಯ್ತು. ಆದ್ರೆ ದೇವಸ್ಥಾನದ ಒಳಗೇ ಬಿಡದ ಜನರ ಮನೆಗೂ ದೇವರು ಬಂದದ್ದು ಇದೇ ಕಾಗದದಲ್ಲಿ ಅಲ್ವಾ? ಕೈಮುಗಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದನ್ನು ನಗಾಡುದು ನನಗೆ ಸರಿ ಕಾಣುದಿಲ್ಲ.

ಈಗ ಮನೆ ರಿಪೇರಿ ಅಂತ ಗಾಜು ಒಡೆದ ಫ್ರೇಮ್‌ಗಳನ್ನೆಲ್ಲ ಅಶ್ವತ್ಥಕಟ್ಟೆಯಲ್ಲಿ ಇಟ್ಟು ಬರ್ತಾರೆ. ಒಂದು ಮಳೆಗಾಲ ಸಾಕು, ಮುದ್ದೆ. ಸಂತೆಕಟ್ಟೆ, ಕಲ್ಯಾಣಪುರ ಕಡೆಯವರೇ, ಇಡುವ ಮೊದಲು ಚಿತ್ರದ ಕೆಳಗಿನ ಅಂಚು ನೋಡಿ, ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಇದ್ರೂ ಇರಬಹುದು. ಒಂದು ಮೆಸೇಜ್ ಹಾಕಿ. ಸ್ಕೂಟಿ ತಕ್ಕೊಂಡು ನಾನೇ ಬರ್ತೇನೆ.